ಭಯಾನಕಗೀತವೂ ಮಾರ್ನುಡಿಯೂ: ವೀರಗಾಸೆಯ ಒಡಪಿನಿಂದ ಜಮೈಕದ ಡ್ಯಾನ್ಸ್‌ಹಾಲಿನವರೆಗೆ

೧

ಭಯಾನಕವು ರಸಗಳಲ್ಲಿ ಒಂದೆಂಬುದನ್ನು ಭರತಮುನಿಯಿಂದ ಮೊದಲ್ಗೊಂಡು ಲಾಕ್ಷಣಿಕರೆಲ್ಲರೂ ಒಪ್ಪಿರುವರು. ಅದಕ್ಕೆ ಭಯವು ಸ್ಥಾಯಿ, ಕಪ್ಪು ಬಣ್ಣ, ಕಾಲನು ಅಧಿದೇವತೆ. ವಿಕೃತವಾದ ಕೂಗು, ಭೂತಪಿಶಾಚಿಗಳ ದರ್ಶನ, ನರಿ ಗೂಗೆಗಳ ಧ್ವನಿ, ಶೂನ್ಯಗೃಹ, ಅರಣ್ಯ ಮೊದಲಾದುವು ವಿಭಾವಗಳೆಂದು ನಾಟ್ಯಶಾಸ್ತ್ರವು ಹೇಳುತ್ತದೆ. ಇಷ್ಟಾದರೂ ಕಾವ್ಯವಿಮರ್ಶೆಯಲ್ಲಿ ಈ ರಸಕ್ಕೆ ದೊರೆತಿರುವ ಸ್ಥಳವು ಅಲ್ಪವಾದುದು. ಶೃಂಗಾರ, ವೀರ, ಕರುಣಗಳನ್ನು ಕುರಿತು ವಿಸ್ತಾರವಾದ ಚರ್ಚೆಗಳು ನಡೆದಿರುವಲ್ಲಿ ಭಯಾನಕವು ಒಂದೆರಡು ಉದಾಹರಣೆಗಳೊಡನೆ ಮುಗಿದುಹೋಗುತ್ತದೆ. ಜನಪದರ ಹಾಡು ಕುಣಿತಗಳಲ್ಲಾದರೋ ಸ್ಥಿತಿಯು ಬೇರೆಯಾಗಿದೆ. ಅಲ್ಲಿ ಕೇಳುವವರನ್ನು ಬೆಚ್ಚಿಬೀಳಿಸುವ ಗೀತವು ಹಬ್ಬದ ನಡುಮನೆಯಲ್ಲಿಯೇ ಕುಳಿತಿರುವುದು. ಹೀಗಿರಲು, ಹೆದರಿಸುವ ಹಾಡು ಯಾವಾಗ ರಸವಾಗುತ್ತದೆ, ಯಾವಾಗ ಬರಿಯ ಬೆದರಿಕೆಯಾಗಿ ನಿಂತುಬಿಡುತ್ತದೆ ಎಂಬ ಪ್ರಶ್ನೆಯು ಸಾಹಿತ್ಯವಿದ್ಯಾರ್ಥಿಗಳಿಗೆ ಅವಶ್ಯಕವಾದ ಪ್ರಶ್ನೆಯೇ ಆಗಿದೆ.

ಈ ಪ್ರಶ್ನೆಯು ಈಗ ಹೊಸದಾಗಿ ಏಳುವುದಕ್ಕೆ ಕಾರಣವೂ ಉಂಟು. ಕೆರಿಬಿಯನ್ ಸಮುದ್ರದ ಜಮೈಕ ದ್ವೀಪದಲ್ಲಿ ಹುಟ್ಟಿದ ಡ್ಯಾನ್ಸ್‌ಹಾಲ್ ಎಂಬ ಕುಣಿತದ ಸಂಗೀತವು ಈ ಶತಮಾನದ ಎರಡನೆಯ ದಶಕದಲ್ಲಿ ಪಿಶಾಚಿ, ಶ್ಮಶಾನ, ಕೊಲೆಗಳನ್ನು ವಸ್ತುವಾಗಿ ಮಾಡಿಕೊಂಡು, ಬಳಿಕ ಅಮೆರಿಕದ ಅಟ್ಲಾಂಟ ನಗರದ ಟ್ರ್ಯಾಪ್ ಎಂಬ ಸಂಗೀತದೊಡನೆ ಬೆರೆತಿದೆ. ಮೊಬೈಲಿನ ಮೂಲಕ ಅದು ಯಾವ ಊರನ್ನಾದರೂ ತಲಪಬಲ್ಲುದು. ಇದನ್ನು ಗದ್ದಲವೆಂದು ತಳ್ಳಿಬಿಡುವುದು ಸುಲಭ. ಹೊಸದೆಂಬ ಒಂದೇ ಕಾರಣದಿಂದ ಕೊಂಡಾಡುವುದು ಇನ್ನೂ ಸುಲಭ. ಈ ಗೀತಪ್ರಭೇದವನ್ನು ಅದರ ಹುಟ್ಟಿನೊಡನೆ ನೋಡಿ, ಕನ್ನಡನಾಡಿನ ಭಯಾನಕಗೀತಗಳ ಪಕ್ಕದಲ್ಲಿಟ್ಟು ಬೆಲೆಕಟ್ಟುವುದು ಪ್ರಕೃತ ಲೇಖನದ ಉದ್ದೇಶ.

೨

ಹೋಲಿಕೆಗೆ ಕೊಡಗಿನ ಉತ್ತರದ ಅಂಚಿನಲ್ಲಿರುವ ಶನಿವಾರಸಂತೆಯಿಂದ ಹೊರಡುವುದು ಅನುಕೂಲ. ಸೋಮವಾರಪೇಟೆ ತಾಲ್ಲೂಕಿಗೆ ಸೇರಿದ ಈ ಹೋಬಳಿಯು ಹಾಸನ ಜಿಲ್ಲೆಗೆ ಹೊಂದಿಕೊಂಡಿದೆ. ವಾರದ ಸಂತೆಯೇ ಊರಿಗೆ ಹೆಸರಾಗಿರುವ ಇಲ್ಲಿ ಕೊಡವರ ನಾಡೂ ಮಲೆನಾಡಿನ ಕನ್ನಡ ಸೀಮೆಯೂ ಸಂಧಿಸುತ್ತವೆ. ದಕ್ಷಿಣಕ್ಕೆ, ನಾಲ್ವರು ಸೇರಿ ದುಡಿಯನ್ನು ಬಾರಿಸುತ್ತ ಹಾಡುವ ಕೊಡವರ ಪದ್ಧತಿ; ಇದರ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ೧೯೨೪ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಕನ್ನಡ ಲಿಪಿಯಲ್ಲಿ ಅಚ್ಚುಹಾಕಿಸಿದರು. ಉತ್ತರಕ್ಕೆ, ಹಾಸನದ ಕಡೆ, ಗ್ರಾಮದೇವತೆಯ ಪರಿವಾರವಾಗಿ ದೊಡ್ಡ ಮುಖವಾಡವನ್ನು ಹೊತ್ತು ಬರುವ ಸೋಮನ ಕುಣಿತ. ೧೮೩೪ರವರೆಗೆ ವೀರಶೈವ ಅರಸರ ಆಳ್ವಿಕೆಯಲ್ಲಿದ್ದ ಕೊಡಗಿನ ಈ ಕನ್ನಡ ಭಾಗಕ್ಕೂ ನೆರೆಯ ಮಲೆನಾಡಿಗೂ ಪರಿಚಿತವಾದುದು ವೀರಗಾಸೆ.

ವೀರಗಾಸೆಯ ಕಥಾವಸ್ತು ದಕ್ಷಯಜ್ಞ. ಕರೆಯದ ಯಜ್ಞಕ್ಕೆ ಹೋದ ಸತಿಯು ಅವಮಾನದಿಂದ ದೇಹತ್ಯಾಗ ಮಾಡುವುದು, ಶಿವನ ಜಟೆಯಿಂದ ವೀರಭದ್ರನು ಹುಟ್ಟುವುದು, ಯಜ್ಞಧ್ವಂಸ, ದಕ್ಷನ ಶಿರಶ್ಛೇದ. ಇದಕ್ಕಿಂತ ಘೋರವಾದ ವಸ್ತುವನ್ನು ಹುಡುಕಬೇಕಾದುದಿಲ್ಲ. ಕುಣಿಯುವವನು ವಿಭೂತಿ ರುದ್ರಾಕ್ಷಿಗಳನ್ನು ಧರಿಸಿ, ಕತ್ತಿಯನ್ನು ಹಿರಿದು, ಒಡಪನ್ನು ಹೇಳುತ್ತಾನೆ. ಒಡಪು ಹಾಡಲ್ಲ, ಬರಿಯ ಮಾತೂ ಅಲ್ಲ. ಎತ್ತಿದ ದನಿಯಲ್ಲಿ ಒಂದೇ ಉಸಿರಿಗೆ ನುಗ್ಗುವ ಗದ್ಯ. ಇದರ ರಚನೆಯಲ್ಲಿ ಗಮನಿಸತಕ್ಕ ಅಂಶವೆಂದರೆ, ಒಡಪು ಒಬ್ಬನಿಂದ ಮುಗಿಯತಕ್ಕುದಲ್ಲ. ಹೇಳುವವನು ಒಂದು ಖಂಡವನ್ನು ಮುಗಿಸಿದೊಡನೆ ಜೊತೆಗಾರರು ಉದ್ಘೋಷದಿಂದ ಅದನ್ನು ಎತ್ತಿಕೊಳ್ಳುತ್ತಾರೆ. ಕರಡೆ, ಚಮಾಳಗಳಂಥ ಚರ್ಮವಾದ್ಯಗಳು ಅದಕ್ಕೆ ಪೆಟ್ಟಿನ ಒಪ್ಪಿಗೆಯನ್ನು ಕೊಡುತ್ತವೆ. ಆಮೇಲೆ ಮುಂದಿನ ಖಂಡ. ಭಯವನ್ನು ಹುಟ್ಟಿಸುವ ಪ್ರತಿಯೊಂದು ನುಡಿಗೂ ಇಲ್ಲಿ ಮಾರ್ನುಡಿಯೊಂದು ಕಾದಿರುತ್ತದೆ.

ಕಥೆಯ ಅಂತ್ಯವೂ ಇದೇ ಬಗೆಯದು. ತಲೆ ಕಳೆದುಕೊಂಡ ದಕ್ಷನಿಗೆ ಟಗರಿನ ತಲೆಯನ್ನಿಟ್ಟು ಜೀವವನ್ನು ಕೊಡಲಾಗುತ್ತದೆ; ನಿಂತ ಯಜ್ಞವು ಪೂರ್ಣವಾಗುತ್ತದೆ. ವೀರಭದ್ರನ ಭೀಕರತೆಗೆ ಕೊನೆಯ ಮಾತು ಸಲ್ಲುವುದಿಲ್ಲ. ಭಯವು ಅಭಯಕ್ಕೆ ತೆರೆದ ಬಾಗಿಲಾಗುತ್ತದೆ.

೩

ಘಟ್ಟದ ಕೆಳಗಣ ತುಳುನಾಡಿನ ಭೂತಾರಾಧನೆಯಲ್ಲಿ ಈ ಲಕ್ಷಣವು ಮತ್ತಷ್ಟು ಸ್ಪಷ್ಟವಾಗಿದೆ. ಕಲ್ಕುಡ ಕಲ್ಲುರ್ಟಿಯರ ಪಾಡ್ದನವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿಯು ಅಂಥ ಕೆಲಸವನ್ನು ಬೇರೆಲ್ಲಿಯೂ ಮಾಡಬಾರದೆಂದು ಅರಸನು ಅವನ ಕೈಕಾಲನ್ನು ಕಡಿಸಿದನೆಂಬುದು ಐತಿಹ್ಯ. ವಿಗ್ರಹವು ೧೪೩೨ರಲ್ಲಿ ಪ್ರತಿಷ್ಠಿತವಾಯಿತೆಂಬುದು ಇತಿಹಾಸ; ಶಿಲ್ಪಿಯ ಗೋಳು ಜನರ ನೆನಪು. ಅಣ್ಣನ ದುರ್ಗತಿಯನ್ನು ಕಂಡ ತಂಗಿಯು ಅವನೊಡನೆ ಮಾಯವಾಗಿ, ಇಬ್ಬರೂ ಭೂತಗಳಾಗಿ ಅರಸನನ್ನು ಕಾಡುತ್ತಾರೆ. ನೇಮದ ರಾತ್ರಿಯಲ್ಲಿ ಪಾತ್ರಿಯು ಈ ಕಥೆಯನ್ನು ದೂರದಿಂದ ಹೇಳುವವನಾಗಿ ಉಳಿಯುವುದಿಲ್ಲ. ಭೂತವೇ ಆಗಿ ‘ನಾನು’ ಎಂದು ನುಡಿಯುತ್ತಾನೆ. ತೆಂಬರೆಯ ಬಡಿತ, ಬಣ್ಣ ಬಳಿದ ಮುಖ, ದೀವಟಿಗೆಯ ಬೆಳಕು, ಕೂಗು, ಎಲ್ಲವೂ ಶಾಸ್ತ್ರೋಕ್ತವಾದ ವಿಭಾವಗಳೇ. ಆದರೆ ಆ ‘ನಾನು’ವಿನ ಎದುರಿಗೆ ಊರವರು ಸುಮ್ಮನೆ ನಡುಗುತ್ತ ನಿಂತಿರುವುದಿಲ್ಲ. ದೂರು ಹೇಳುತ್ತಾರೆ, ಕೊಟ್ಟ ಮಾತನ್ನು ನೆನಪಿಸುತ್ತಾರೆ, ಜಮೀನಿನ ಜಗಳಕ್ಕೆ ತೀರ್ಪನ್ನು ಬೇಡುತ್ತಾರೆ. ಭೂತವು ಉತ್ತರ ಕೊಡಲೇಬೇಕು. ಹೆದರಿಸುವ ಬಾಯಿಯೇ ನ್ಯಾಯವನ್ನು ನುಡಿಯಬೇಕಾದ ಬಾಯಿಯೂ ಆಗಿದೆ.

ಈ ಸಂವಾದವನ್ನು ಕಾಣದ ಪಾಶ್ಚಾತ್ಯ ವಿದ್ವಾಂಸರು ಇದಕ್ಕೆ ಪಿಶಾಚಪೂಜೆಯೆಂಬ ಹೆಸರನ್ನಿಟ್ಟರು. ಮಂಗಳೂರಿನ ಬಾಸೆಲ್ ಮಿಷನ್ನಿನ ಮ್ಯಾನರನು ೧೮೮೬ರಲ್ಲಿ ಪಾಡ್ದನಗಳನ್ನು ಅಚ್ಚುಹಾಕಿಸಿ ದೊಡ್ಡ ಉಪಕಾರವನ್ನೇ ಮಾಡಿದನು. ಬರ್ನೆಲ್ಲನು ಸಂಗ್ರಹಿಸಿದ್ದ ಸಾಮಗ್ರಿಯು ಅವನ ಮರಣಾನಂತರ ೧೮೯೪ರಿಂದ ೧೮೯೭ರವರೆಗೆ ಇಂಡಿಯನ್ ಆಂಟಿಕ್ವೆರಿಯಲ್ಲಿ ಪ್ರಕಟವಾದಾಗ ಅದರ ತಲೆಬರಹವೇ ತುಳುವರ ಪಿಶಾಚಾರಾಧನೆಯೆಂದಿತ್ತು. ಸಾಮಗ್ರಿಯು ಅಮೂಲ್ಯವಾದುದು, ಹೆಸರು ಮಾತ್ರ ಓದುವವನ ಕಿವಿಯನ್ನು ಮೊದಲೇ ಮುಚ್ಚಿಬಿಡುತ್ತದೆ. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಜಮೈಕಕ್ಕೆ ಹೋಗಬೇಕು.

೪

ಜಮೈಕದ ಜನರಲ್ಲಿ ಬಹುಭಾಗವು ಕಬ್ಬಿನ ತೋಟಗಳ ದುಡಿತಕ್ಕಾಗಿ ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿ. ೧೭೬೦ರಲ್ಲಿ ಟ್ಯಾಕಿ ಎಂಬವನ ನಾಯಕತ್ವದಲ್ಲಿ ಗುಲಾಮರ ದಂಗೆಯೆದ್ದಿತು. ಅದರ ಹಿಂದೆ ಓಬಿಯ ಎಂಬ ಆಫ್ರಿಕ ಮೂಲದ ಮಂತ್ರವಿದ್ಯೆಯಿದೆಯೆಂದು ಭಾವಿಸಿದ ಆಳುವವರು ಅದೇ ವರ್ಷ ಆ ವಿದ್ಯೆಯನ್ನು ನಿಷೇಧಿಸಿದರು. ೧೮೯೮ರಲ್ಲಿ ಓಬಿಯ ಕಾಯಿದೆಯು ಮತ್ತೆ ಬಿಗಿಯಾಯಿತು. ಒಂದೇ ಸಾಮ್ರಾಜ್ಯದಲ್ಲಿ, ಒಂದೇ ದಶಕದಲ್ಲಿ, ಮಂಗಳೂರಿನ ಭೂತವು ಪಿಶಾಚಿಯೆನಿಸಿಕೊಂಡಿತು, ಕಿಂಗ್‌ಸ್ಟನ್ನಿನ ಮಂತ್ರವು ಅಪರಾಧವೆನಿಸಿಕೊಂಡಿತು. ಆಳಿಸಿಕೊಂಡವರ ಭಯಾನಕವು ಆಳುವವರಿಗೆ ಎಂದೂ ರಸವಾಗಿ ಕಾಣಲಿಲ್ಲವೆಂಬುದನ್ನು ಈ ಎರಡು ದೃಷ್ಟಾಂತಗಳು ತಿಳಿಸುತ್ತವೆ.

ನಿಷೇಧದಿಂದ ಆ ಪರಂಪರೆಯು ಅಳಿಯಲಿಲ್ಲ. ದ್ವೀಪದ ಪೂರ್ವಭಾಗದ ಸೇಂಟ್ ಥಾಮಸ್ ಪ್ರಾಂತದಲ್ಲಿ ಕುಮಿನ ಎಂಬ ಆರಾಧನೆ ಉಳಿದಿದೆ. ಗುಲಾಮಗಿರಿ ರದ್ದಾದ ಮೇಲೆ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಮಧ್ಯ ಆಫ್ರಿಕದಿಂದ ಬಂದ ಕೂಲಿಯವರು ಅದನ್ನು ತಂದರು. ಅಲ್ಲಿಯೂ ಚರ್ಮವಾದ್ಯದ ಬಡಿತಕ್ಕೆ ಪಿತೃಗಳು ಕುಣಿಯುವವರ ಮೈಮೇಲೆ ಬರುತ್ತಾರೆ. ಸತ್ತವರ ಅಲೆಯುವ ಆತ್ಮಕ್ಕೆ ಜಮೈಕದವರು ಡಪ್ಪಿ ಎನ್ನುವರು. ಯಾರನ್ನು ಹೆದರಿಸಬೇಕೆಂಬುದು ಡಪ್ಪಿಗೆ ಗೊತ್ತು ಎಂದು ಅವರಲ್ಲೊಂದು ಗಾದೆ. ಕನ್ನಡದ ‘ಹೆದರಿದವರ ಮೇಲೆ ಹಾವು ಎಸೆದರಂತೆ’ ಎಂಬುದರ ನೆಂಟ. ದ್ವೀಪದ ಆಧುನಿಕ ಸಂಗೀತಕ್ಕೂ ಡಪ್ಪಿಯು ಹೊಸಬನಲ್ಲ: ಬಾಬ್ ಮಾರ್ಲಿಯ ತಂಡವು ೧೯೭೦ರಲ್ಲಿ ಹಾಡಿದ ಒಂದು ಪ್ರಸಿದ್ಧ ಗೀತಕ್ಕೆ ಡಪ್ಪಿಯನ್ನು ಗೆದ್ದವನೆಂಬ ಹೆಸರೇ ಇದೆ. ಅಲ್ಲಿ ಹಾಡುವವನು ಭಯದ ಎದುರಾಳಿ.

ಡ್ಯಾನ್ಸ್‌ಹಾಲ್ ೧೯೭೦ರ ದಶಕದ ಕೊನೆಯಲ್ಲಿ ರೆಗೆಯಿಂದ ಕವಲೊಡೆದುದು. ಹೆಸರು ಸೂಚಿಸುವಂತೆ ಅದರ ಹುಟ್ಟುನೆಲೆ ಕುಣಿತದ ಬಯಲು. ಬಡವರ ಕೇರಿಗಳಲ್ಲಿ ದೊಡ್ಡ ಧ್ವನಿವರ್ಧಕಗಳನ್ನು ನಿಲ್ಲಿಸಿ, ಮುದ್ರಿತವಾದ ವಾದ್ಯಗತಿಯ ಮೇಲೆ ಒಬ್ಬನು ಲಯಬದ್ಧವಾಗಿ ನುಡಿಯುತ್ತಾನೆ. ಈ ನುಡಿಯೂ ಒಡಪಿನಂತೆ ಹಾಡಿಗೂ ಮಾತಿಗೂ ನಡುವಣದು. ಎಂಟು ಮಾತ್ರೆಗಳನ್ನು ಮೂರು, ಮೂರು, ಎರಡು ಎಂದು ಒಡೆಯುವುದು ಇದರ ಮುಖ್ಯ ಗತಿ. ೧೯೮೫ರಲ್ಲಿ ಪ್ರಿನ್ಸ್ ಜ್ಯಾಮಿ ಎಂಬ ನಿರ್ಮಾಪಕನು ವೇನ್ ಸ್ಮಿತ್ ಎಂಬ ಗಾಯಕನೊಡನೆ, ಕ್ಯಾಸಿಯೊ ಕಂಪೆನಿಯ ಸಣ್ಣ ಕೀಬೋರ್ಡಿನಲ್ಲಿ ಸಿದ್ಧವಾಗಿದ್ದ ಲಯವೊಂದನ್ನು ತೆಗೆದುಕೊಂಡು ಸ್ಲೆಂಗ್ ಟೆಂಗ್ ಎಂಬ ಗತಿಯನ್ನು ರಚಿಸಿದ ಮೇಲೆ ಯಂತ್ರವಾದ್ಯವೇ ಇದರ ಜೀವವಾಯಿತು. ಯಂತ್ರವು ಬಂದರೂ ಬಯಲು ಹೋಗಲಿಲ್ಲವೆಂಬುದು ಮುಖ್ಯ. ನುಡಿಯೊಂದು ಜನರಿಗೆ ಹಿಡಿಸಿದರೆ ಅವರು ಕೂಗಿ ತಡೆಯುತ್ತಾರೆ. ತಟ್ಟೆಯನ್ನು ಹಿಂದಕ್ಕೆ ತಿರುಗಿಸಿ ಮೊದಲಿಂದ ಹೇಳಬೇಕಾಗುತ್ತದೆ. ಹಿಡಿಸದಿದ್ದರೆ ಮೌನವೇ ತೀರ್ಪು. ಮಾರ್ನುಡಿಯ ನಿಯಮವು ಇಲ್ಲಿಯೂ ಜೀವಂತವಾಗಿರುವುದನ್ನು ಕಾಣಬಹುದು.

೫

ಟ್ರ್ಯಾಪಿನ ಚರಿತ್ರೆಯು ಬೇರೆ. ಅಟ್ಲಾಂಟದ ಬೀದಿಮಾತಿನಲ್ಲಿ ಮಾದಕವಸ್ತುವನ್ನು ಮಾರುವ ಮನೆಗೆ ಟ್ರ್ಯಾಪ್ ಎಂದರೆ ಬೋನು ಎಂದು ಹೆಸರು. ಒಳಗೆ ಹೊಕ್ಕವನು ಹೊರಗೆ ಬರುವುದು ಕಷ್ಟ. ಟಿ.ಐ. ಎಂಬ ಗಾಯಕನ ೨೦೦೩ರ ಸಂಕಲನವು ಈ ಹೆಸರನ್ನು ಸಂಗೀತಕ್ಕೆ ತಂದಿತು. ಜಪಾನಿನ ರೋಲಂಡ್ ಕಂಪೆನಿಯು ೧೯೮೦ರಿಂದ ೧೯೮೩ರವರೆಗೆ ಮಾತ್ರ ತಯಾರಿಸಿದ ೮೦೮ ಎಂಬ ತಾಳಯಂತ್ರದ ಮಂದ್ರಘಾತವೇ ಇದರ ನೆಲೆಗಟ್ಟು. ಆ ಘಾತವು ವಿಳಂಬವಾಗಿ, ನೆಲದೊಳಗಿನಿಂದ ಬಂದಂತೆ ಕೇಳುತ್ತದೆ. ಅದರ ಮೇಲೆ ಕಂಚಿನ ತಾಳದ ಧ್ವನಿಯು ಅತಿದ್ರುತವಾಗಿ ಚೂರುಚೂರಾಗಿ ಉದುರುತ್ತದೆ. ವಿಳಂಬವೂ ದ್ರುತವೂ ಏಕಕಾಲದಲ್ಲಿ ನಡೆಯುವ ಈ ವಿನ್ಯಾಸದಲ್ಲಿ ಕೇಳುವವನ ಎದೆಬಡಿತವು ಎತ್ತ ಹೊಂದಿಕೊಳ್ಳಬೇಕೆಂದು ತಿಳಿಯದೆ ಕಳವಳಿಸುತ್ತದೆ. ಭಯಾನಕಕ್ಕೆ ಇದು ಒದಗಿಬಂದುದು ಆಕಸ್ಮಿಕವಲ್ಲ. ಟ್ರ್ಯಾಪಿಗೆ ದಾರಿ ಮಾಡಿದವರಲ್ಲೊಂದಾದ ಮೆಂಫಿಸ್ ನಗರದ ತ್ರೀ ಸಿಕ್ಸ್ ಮಾಫಿಯ ತಂಡವು ೧೯೯೫ರ ತನ್ನ ಮೊದಲ ಸಂಕಲನದಲ್ಲಿಯೇ ಪಿಶಾಚಿ, ಪ್ರೇತಗಳ ಪ್ರತಿಮೆಗಳನ್ನು ತುಂಬಿತ್ತು.

ಜಮೈಕದಲ್ಲಿ ಮಾಂಟಿಗೊ ಬೇ ನಗರದ ಟಾಮಿ ಲೀ ಸ್ಪಾರ್ಟ ಎಂಬ ಗಾಯಕನು ೨೦೧೨ರ ಸುಮಾರಿಗೆ ತನ್ನ ಹಾಡಿನ ಬಗೆಯನ್ನು ಗಾಥಿಕ್ ಡ್ಯಾನ್ಸ್‌ಹಾಲ್ ಎಂದು ಕರೆದುಕೊಂಡು, ತನಗೆ ‘ಅಂಕಲ್ ಡೀಮನ್’, ಎಂದರೆ ಪಿಶಾಚಿಮಾವ, ಎಂಬ ಬಿರುದನ್ನಿಟ್ಟುಕೊಂಡನು. ಅದೇ ದಶಕದ ಉತ್ತರಾರ್ಧದಲ್ಲಿ ಮಾಂಟಿಗೊ ಬೇಯ ಎಳೆಯ ಗಾಯಕರು ಟ್ರ್ಯಾಪಿನ ಮಂದ್ರಘಾತವನ್ನು ಡ್ಯಾನ್ಸ್‌ಹಾಲಿನ ನುಡಿಗೆ ಹೊಂದಿಸಿದರು. ಈ ಹಾಡುಗಳು ಪಿಶಾಚಿಯನ್ನು ಹೊಗಳುತ್ತವೆಯೆಂದು ದ್ವೀಪದಲ್ಲಿಯೇ ಆಕ್ಷೇಪಣೆ ಎದ್ದಿತು. ಆಕ್ಷೇಪಣೆ ಮಾಡಿದವರು ಒಂದು ಸಂಗತಿಯನ್ನು ಮರೆಯಲಾಗದು. ಮಾಂಟಿಗೊ ಬೇ ಇರುವ ಸೇಂಟ್ ಜೇಮ್ಸ್ ಪ್ರಾಂತದಲ್ಲಿ ಕೊಲೆಗಳು ಹೆಚ್ಚಿ, ೨೦೧೮ರ ಜನವರಿಯಲ್ಲಿ ಸರ್ಕಾರವು ತುರ್ತುಪರಿಸ್ಥಿತಿಯನ್ನು ಸಾರಬೇಕಾಯಿತು. ಹಾಡಿನ ಭಯಕ್ಕೆ ಬೀದಿಯಲ್ಲಿ ಆಧಾರವಿತ್ತು. ಆದುದರಿಂದ ಇದು ಹಣಕ್ಕಾಗಿ ಕಟ್ಟಿದ ವೇಷವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ.

ಇಷ್ಟನ್ನು ಒಪ್ಪಿದ ಮೇಲೆಯೂ ವಿಮರ್ಶಕನಿಗೆ ಒಂದು ಪ್ರಶ್ನೆ ಉಳಿಯುತ್ತದೆ. ಈ ಗೀತದಲ್ಲಿಯೂ ಪಿಶಾಚಿಯು ‘ನಾನು’ ಎಂದು ನುಡಿಯುತ್ತದೆ, ಎದುರಿಗೆ ಯಾರಿದ್ದಾರೆ?

೬

ಈ ಪ್ರಶ್ನೆಯ ತೂಕವನ್ನು ತಿಳಿಯಲು ಹಳಗನ್ನಡದ ಎರಡು ಕೃತಿಗಳು ನೆರವಾಗುತ್ತವೆ. ಜನ್ನನ ‘ಯಶೋಧರಚರಿತೆ’ (೧೨೦೯) ತೆರೆಯುವುದೇ ಚಂಡಮಾರಿಯ ಗುಡಿಯ ಘೋರ ಚಿತ್ರದಿಂದ. ಬಲಿಗಾಗಿ ಹಿಡಿದು ತಂದ ಬಾಲಕ ಬಾಲಕಿಯರ ಮುಂದೆ ಮಾರಿದತ್ತನು ಕತ್ತಿ ಹಿರಿದು ನಿಂತಿದ್ದಾನೆ. ಕಾವ್ಯದ ಉಳಿದ ಭಾಗವೆಲ್ಲ ಆ ಕತ್ತಿಗೆ ಹುಡುಗನು ಕೊಟ್ಟ ಉತ್ತರ. ಹಿಟ್ಟಿನ ಕೋಳಿಯೊಂದನ್ನು ಬಲಿಕೊಟ್ಟುದರ ಫಲವು ಜನ್ಮಜನ್ಮಾಂತರಗಳಲ್ಲಿ ಹೇಗೆ ಕಾಡಿತೆಂಬುದನ್ನು ಕೇಳುತ್ತ ಕೇಳುತ್ತ ರಾಜನ ಕೈಯಿಂದ ಹಿಂಸೆ ಜಾರುತ್ತದೆ. ಆ ಮಕ್ಕಳ ಹೆಸರು ಅಭಯರುಚಿ, ಅಭಯಮತಿ ಎಂದಿರುವುದನ್ನು ಓದುಗರು ಸಾಮಾನ್ಯವಾಗಿ ಗಮನಿಸದೆ ಮುಂದೆ ಸಾಗುತ್ತಾರೆ. ಭಯದ ಗುಡಿಯೊಳಗೆ ನಡೆದುಬಂದ ಮಾರ್ನುಡಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ.

ರನ್ನನ ‘ಗದಾಯುದ್ಧ’ದಲ್ಲಿ ಸಂಜಯನೊಡನೆ ದುರ್ಯೋಧನನು ರಣರಂಗವನ್ನು ದಾಟುವ ಭಾಗವು ಭಯಾನಕ ಬೀಭತ್ಸಗಳ ಸಂಗಮವೆಂದು ಪ್ರಸಿದ್ಧವಾಗಿದೆ. ಬೀಭತ್ಸದಿಂದ ಭಯಾನಕವು ಹುಟ್ಟುವುದೆಂಬ ಭರತವಚನಕ್ಕೆ ಇದು ನೆರೆದ ನಿದರ್ಶನ. ಅಲ್ಲಿಯ ಮರುಳುಗಳು ರಕ್ತವನ್ನು ಕುಡಿದು ಕುಣಿಯುವುದಷ್ಟೇ ಆಗಿದ್ದರೆ ಆ ಭಾಗವು ವರ್ಣನೆಯಾಗಿ ನಿಲ್ಲುತ್ತಿದ್ದಿತು. ಮರುಳು ಚಕ್ರವರ್ತಿಯನ್ನು ಮಾತನಾಡಿಸಿ ಹಂಗಿಸುವುದರಿಂದ ಅದು ನಾಟಕವಾಗುತ್ತದೆ.

ಭರತನು ಭಯಾನಕವನ್ನು ವ್ಯಾಜ, ಅಪರಾಧ, ವಿತ್ರಾಸಿತಕ ಎಂದು ಮೂರು ಬಗೆಯಾಗಿ ವಿಂಗಡಿಸಿರುವನು: ನಟನೆಯ ಭಯ, ತಪ್ಪಿನಿಂದ ಹುಟ್ಟಿದ ಭಯ, ಬೆಚ್ಚಿಸಿದುದರಿಂದ ಆದ ಭಯ. ಕಲ್ಕುಡನ ಅರಸನೂ ದಕ್ಷನೂ ದುರ್ಯೋಧನನೂ ಅನುಭವಿಸುವುದು ಎರಡನೆಯದನ್ನು. ಅದಕ್ಕೆ ಕಾರಣವಿದೆ, ಕಾರಣವಿರುವುದರಿಂದ ಪರಿಹಾರವೂ ಇದೆ. ಗಾಥಿಕ್ ಡ್ಯಾನ್ಸ್‌ಹಾಲಿನಲ್ಲಿ ಮೊದಲನೆಯದೂ ಮೂರನೆಯದೂ ಧಾರಾಳವಾಗಿವೆ. ಎರಡನೆಯದು ಹಾಡಿನ ಹೊರಗೆ, ಗುಲಾಮರ ಚರಿತ್ರೆಯಲ್ಲಿಯೂ ಮಾಂಟಿಗೊ ಬೇಯ ಬೀದಿಗಳಲ್ಲಿಯೂ ಉಳಿದುಬಿಟ್ಟಿದೆ. ಹಾಡಿನ ಪಿಶಾಚಿಯು ಯಾರ ತಪ್ಪನ್ನು ಕೇಳಲು ಬಂದಿದೆಯೆಂಬುದನ್ನು ಹೇಳುವುದಿಲ್ಲ. ಕುಣಿತದ ಬಯಲಿನಲ್ಲಿ ಜನರ ಕೂಗು ಈ ಕೊರತೆಯನ್ನು ಒಂದಿಷ್ಟು ತುಂಬುತ್ತದೆ. ನೂರು ಜನರು ಒಟ್ಟಿಗೆ ಕುಣಿದು ಬೆವರಿದ ಭಯವು ಹಗುರವಾಗುತ್ತದೆ. ಅದೇ ಹಾಡು ಟ್ರ್ಯಾಪಿನ ವಿಳಂಬಕ್ಕೆ ಇಳಿದು, ಕಿವಿಗೆ ಸಿಕ್ಕಿಸಿಕೊಂಡ ಇಯರ್‌ಫೋನಿನಲ್ಲಿ ಒಬ್ಬನೇ ಕೇಳುವ ಹಾಡಾದಾಗ ತಡೆದು ನಿಲ್ಲಿಸುವವರಿಲ್ಲ, ದೂರು ಹೇಳುವವರಿಲ್ಲ. ಸೋಮನ ಮುಖವಾಡವು ಕುಣಿತ ಮುಗಿದ ಮೇಲೆ ಕೆಳಗಿಳಿಯುತ್ತದೆ. ಬಿರುದಾಗಿ ಅಂಟಿಕೊಂಡ ಪಿಶಾಚಿಯ ಹೆಸರು ಹಾಡು ಮುಗಿದರೂ ಇಳಿಯುವುದಿಲ್ಲ. ಶಬ್ದದಲ್ಲಿ ಈ ಗೀತಪ್ರಭೇದವು ಸಾಧಿಸಿರುವುದು ಅಲ್ಪವಲ್ಲ. ಮಂದ್ರಘಾತದಿಂದ ಭಯವನ್ನು ಕಟ್ಟುವ ಅದರ ಕೌಶಲವನ್ನು ಮೆಚ್ಚಲೇಬೇಕು. ಅದು ಸೋತಿರುವುದು ಅಭಯದಲ್ಲಿ.

೭

ಈ ತೀರ್ಪನ್ನು ಪರದೇಶದ ಹಾಡಿಗೆ ಮಾತ್ರ ಅನ್ವಯಿಸಿ ಕನ್ನಡಿಗರು ತೃಪ್ತರಾಗುವಂತಿಲ್ಲ. ಮಾರ್ನುಡಿಯಿಲ್ಲದ ವಾದ್ಯದ ದುರಂತವನ್ನು ಶಿವರಾಮ ಕಾರಂತರು ೧೯೩೩ರಲ್ಲಿಯೇ ‘ಚೋಮನ ದುಡಿ’ಯಲ್ಲಿ ತೋರಿಸಿರುವರು. ಚೋಮನು ಮತವನ್ನು ಬಿಟ್ಟು ಭೂಮಿಯನ್ನು ಪಡೆಯಹೊರಟಾಗ ಪಂಜುರ್ಲಿ ಭೂತದ ಭಯವು ಅವನನ್ನು ಹಿಂದಕ್ಕೆ ತಿರುಗಿಸುತ್ತದೆ. ಭೂತವು ಅವನನ್ನು ತಡೆಯಿತು. ಅವನ ದೂರನ್ನು ಕೇಳಲಿಲ್ಲ. ಅವನ ದುಡಿಗೆ ಊರಿನಲ್ಲಿ ಯಾರೂ ಉತ್ತರ ಕೊಡಲಿಲ್ಲ. ಅದನ್ನು ಬಾರಿಸುತ್ತಲೇ ಅವನು ಪ್ರಾಣ ಬಿಟ್ಟನು. ಭೂತಾರಾಧನೆಯ ಸಂವಾದವು ಎಲ್ಲರಿಗೂ ಸಮನಾಗಿ ತೆರೆದಿರಲಿಲ್ಲವೆಂಬ ಕಟುಸತ್ಯವನ್ನು ಈ ಕಾದಂಬರಿಯು ಮರೆಯಗೊಡುವುದಿಲ್ಲ. ಜಮೈಕದ ಗಾಯಕನ ಸ್ಥಿತಿಯು ಪಾತ್ರಿಯ ಸ್ಥಿತಿಗಿಂತ ಚೋಮನ ಸ್ಥಿತಿಗೆ ಹತ್ತಿರವಾದುದು. ಅವನ ಹಾಡಿನಲ್ಲಿ ಅಭಯವಿಲ್ಲವೆಂದು ಹೇಳುವಾಗ, ಅವನಿಗೆ ಅಭಯವನ್ನು ಕೊಡಬೇಕಾಗಿದ್ದವರು ಯಾರೆಂಬುದನ್ನೂ ಕೇಳಬೇಕು.

ಇತ್ತೀಚಿನ ಉದಾಹರಣೆಯೊಂದಿದೆ. ೨೦೨೨ರಲ್ಲಿ ತೆರೆಕಂಡ ರಿಷಬ್ ಶೆಟ್ಟಿಯವರ ‘ಕಾಂತಾರ’ ಚಿತ್ರವು ಭೂತಕೋಲವನ್ನು ನಾಡಿನ ಹೊರಗೂ ಕೊಂಡೊಯ್ದಿತು. ಅಜನೀಶ್ ಲೋಕನಾಥರ ಸಂಗೀತದಲ್ಲಿ ದೈವಸ್ತುತಿಯು ವಿದ್ಯುತ್ ಗಿಟಾರಿನೊಡನೆ ಬೆರೆತಿತು. ಭಯಾನಕಗೀತದ ಮಿಶ್ರಣವು ಕನ್ನಡದಲ್ಲಿಯೂ ಆಗಿದೆಯೆಂಬುದಕ್ಕೆ ಇದು ಸಾಕ್ಷಿ. ಚಿತ್ರದೊಳಗೆ ಆ ಕೂಗಿಗೆ ಕಾರಣವೂ ಉತ್ತರವೂ ಇವೆ: ಭೂಮಿಯ ವಿವಾದ, ತಪ್ಪಿದ ಮಾತು, ಕೊನೆಗೆ ಊರವರ ಕೈಗಳನ್ನು ಕೂಡಿಸುವ ದೈವ. ಆ ಕೂಗನ್ನು ಮಾತ್ರ ಕತ್ತರಿಸಿ ತೆಗೆದು ಮೊಬೈಲಿನ ಕರೆಗಂಟೆಯಾಗಿ ಇಟ್ಟುಕೊಂಡರೆ ಗಾಥಿಕ್ ಡ್ಯಾನ್ಸ್‌ಹಾಲಿಗೆ ಆದ ಗತಿಯೇ ಅದಕ್ಕೂ ಆಗುವುದು.

ಇದರಿಂದ ಸಂಗ್ರಾಹಕರಿಗೂ ಅಧ್ಯಾಪಕರಿಗೂ ಒಂದು ಕರ್ತವ್ಯವು ಸ್ಪಷ್ಟವಾಗುತ್ತದೆ. ಒಡಪುಗಳನ್ನು ಬರೆದುಕೊಳ್ಳುವಾಗ ಮುಂದಾಳು ಹೇಳಿದುದನ್ನು ಮಾತ್ರ ಬರೆದು ಜೊತೆಗಾರರ ಉದ್ಘೋಷವನ್ನು ಬಿಟ್ಟರೆ, ಪಾಡ್ದನವನ್ನು ಅಚ್ಚು ಹಾಕುವಾಗ ನಾಟಿಯ ಗದ್ದೆಯಲ್ಲಿ ಸೊಲ್ಲನ್ನು ಎತ್ತಿಕೊಳ್ಳುವ ಹೆಂಗಸರ ದನಿಯನ್ನು ಕೈಬಿಟ್ಟರೆ, ಉಳಿಯುವುದು ಅರ್ಧ ಗೀತ. ಬರ್ನೆಲ್ಲನ ತಲೆಬರಹದ ತಪ್ಪಿಗೆ ಮೂಲವೂ ಇಂಥದೇ. ಒಡಪು ಇನ್ನೂ ಕೇಳಬರುವ ಉತ್ತರ ಕೊಡಗಿನಂಥ ಸೀಮೆಗಳಲ್ಲಿ ನುಡಿಯನ್ನೂ ಮಾರ್ನುಡಿಯನ್ನೂ ವಾದ್ಯದ ಪೆಟ್ಟನ್ನೂ ಜೊತೆಜೊತೆಯಾಗಿ, ಅವುಗಳ ಕ್ರಮದಲ್ಲಿಯೇ ದಾಖಲಿಸಬೇಕು. ತರಗತಿಯಲ್ಲಿ ಜನ್ನನನ್ನು ಪಾಠ ಹೇಳುವವರು ಚಂಡಮಾರಿಯ ಗುಡಿಯ ವರ್ಣನೆಯೊಡನೆ ಒಡಪಿನ ಒಂದು ಖಂಡವನ್ನೂ ಜಮೈಕದ ಒಂದು ಹಾಡನ್ನೂ ಕೇಳಿಸಿ, ಪ್ರತಿಯೊಂದರಲ್ಲಿಯೂ ಹೆದರಿಸುವವರು ಯಾರು, ಉತ್ತರ ಕೊಡುವವರು ಯಾರು ಎಂದು ವಿದ್ಯಾರ್ಥಿಗಳನ್ನು ಕೇಳಬಹುದು. ಭಯಾನಕವು ಲಕ್ಷಣಗ್ರಂಥದ ಒಂದು ಸೂತ್ರವಾಗಿ ಉಳಿಯದೆ ಜೀವಂತವಾದ ರಸವಾಗಿ ಅವರಿಗೆ ತಿಳಿಯುವುದು ಆಗ.